ಕಲ್ಲೇಶ ಮಗಳಿಗೆ ಲಾಕ್ ಹಾಕಿದ್ದು

ಕಲ್ಲೇಶನ ಗಂಟಲಿಗೆ ಕೊಪ್ಪದ ಬಸ್ ಸ್ಟ್ಯಾಂಡು ಸಾಲುತ್ತಿರಲಿಲ್ಲ. ಖಾಸಗಿ ಬಸ್ಸುಗಳ ಏಜೆಂಟನಾಗಿ ಅಲ್ಲಿ ನಿಂತು ಅವನು 'ಹರಿಹರಪುರ, ಶೃಂಗೇರಿ, ಶೃಂಗೇರಿ' ಎಂದು ಕೂಗಿದರೆ, ಶಿವಮೊಗ್ಗಕ್ಕೆ ಹೊರಟವರೂ ಒಂದು ಕ್ಷಣ ಶೃಂಗೇರಿಗೇ ಹೋಗಿಬಿಡೋಣವೇ ಎಂದು ಯೋಚಿಸುತ್ತಿದ್ದರು. ಪಿಸುಮಾತು ಅವನಿಗೆ ಹುಟ್ಟಿನಿಂದಲೇ ಬಾರದು. ಅವನು ಒಬ್ಬರ ಕಿವಿಯಲ್ಲಿ ಹೇಳಿದ್ದು ಎದುರಿನ ಹೋಟೆಲಿನ ಅಡುಗೆಮನೆಯಲ್ಲಿ ಕೇಳುತ್ತಿತ್ತು. ಇಂಥ ಮನುಷ್ಯ ತನ್ನ ಮನೆಯ ದೀಪದ ವಿಷಯವನ್ನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಫೋನಿನಲ್ಲಿ ಮಾತಾಡಬಾರದಿತ್ತು. ಮಾತಾಡಿದ.

ದೀಪದ ವಿಷಯ ಏನೆಂದರೆ, ಬಾಳಗಡಿಯಲ್ಲಿ ಅವನು ಹೊಸ ಮನೆ ಕಟ್ಟಿಸಿದ್ದ. ಎರಡು ಕೋಣೆ, ಒಂದು ಹಾಲ್, ಹಾಲಿನ ಮೂಲೆಯಲ್ಲಿ ಹೆಂಡತಿ ಸುಮನಾಳ ಹೊಲಿಗೆ ಮಷಿನ್. ಮನೆ ಚಿಕ್ಕದಾದರೇನು, ಬಂದವರು ಒಮ್ಮೆಯಾದರೂ ಹುಬ್ಬೇರಿಸಬೇಕು ಎಂಬುದು ಕಲ್ಲೇಶನ ಆಸೆ. ಅದಕ್ಕಾಗಿ ಮನೆ ತುಂಬ ಸ್ಮಾರ್ಟ್ ಸ್ವಿಚ್ ಹಾಕಿಸಿದ. ಕಪ್ಪು ಗಾಜಿನ ಹಲಗೆ, ಒತ್ತುವುದಿಲ್ಲ, ಮುಟ್ಟುವುದು. ಮುಟ್ಟದಿದ್ದರೆ ಫೋನಿನಲ್ಲೂ ಆಗುತ್ತದೆ. ಬಿಳಿ, ನೀಲಿ, ಕೆಂಪು, ಕೊನೆಗೆ ಎಲ್ಲ ಬಣ್ಣ ಸೇರಿ ಕುಣಿಯುವ 'ಪಾರ್ಟಿ' ಎಂಬ ಬೆಳಕು. ಬಾಳಗಡಿಯಲ್ಲಿ ಎಲೆಕ್ಟ್ರಿಕ್ ಅಂಗಡಿ ಇಟ್ಟಿದ್ದ ಶೃಂಗೇರಿ ಕಡೆಯ ಲಕ್ಷ್ಮೀಶ ಅವನ್ನೆಲ್ಲ ತಂದು ಕೂರಿಸಿಕೊಟ್ಟ.

"ಮಲಗೋ ಕೋಣೇಲಿ ಕೆಳಗೆ ಕೂರ್ಸು. ಹಾಸಿಗೇಲಿ ಮಲಗಿದಲ್ಲಿಂದ್ಲೇ ಮುಟ್ಟೋ ಹಾಗಿರ್ಬೇಕು," ಎಂದ ಕಲ್ಲೇಶ.

"ಕೂಸಿನ ಕೈಗೆ ಸಿಗ್ತದೆ ಮಾರಾಯ."

"ಸಿಗ್ಲಿ ಬಿಡು. ಈಗಿನ ಮಕ್ಳು ಹುಟ್ತಾನೇ ಸ್ಮಾರ್ಟು."

ಕೂಸಿನ ಕೈಗೆ ಸಿಕ್ಕಿತು. ದೀಕ್ಷಾಗೆ ನಾಲ್ಕು ವರ್ಷ. ಹಗಲೆಲ್ಲ ಆ ಗಾಜಿನ ಹಲಗೆಯ ಕಡೆ ಕಣ್ಣೆತ್ತಿಯೂ ನೋಡದ ಮಗು, ಮಲಗುವ ಹೊತ್ತಿಗೆ ದೀಪ ಆರಿತೋ ಇಲ್ಲವೋ, ಕಂಬಳಿಯೊಳಗಿಂದ ಒಂದು ಬೆರಳು ಹೊರಗೆ ಕಳಿಸುತ್ತಿತ್ತು. ಹಾಲಿನಲ್ಲಿ ಫೋನ್ ನೋಡುತ್ತ ಕೂತ ಕಲ್ಲೇಶ ಬಂದು ಆರಿಸುತ್ತಿದ್ದ. ಹೋಗಿ ಕೂರುವಷ್ಟರಲ್ಲಿ ಕೋಣೆ ನೀಲಿ. ಮತ್ತೆ ಬಂದು ಆರಿಸಿದರೆ ಕೆಂಪು. ಕೆಂಪು ಕಂಡರೆ ಕಲ್ಲೇಶ ಓಡಿಯೇ ಬರುತ್ತಿದ್ದ, ಏಕೆಂದರೆ ಕೆಂಪಾದ ಮೇಲಿನದು ಪಾರ್ಟಿ. ಪಾರ್ಟಿ ಹತ್ತಿಕೊಂಡರೆ ಮಗು ಹಾಸಿಗೆಯ ಮೇಲೆ ನಿಂತು ಕುಣಿಯುತ್ತಿತ್ತು. ಅಲ್ಲಿಗೆ ಅವತ್ತಿನ ನಿದ್ದೆಗೆ ಮಂಗಳ.

ಕಲ್ಲೇಶ ಸುಮ್ಮನೆ ಕೂರುವ ಜಾತಿಯಲ್ಲ. ಹಲಗೆಯ ಮೇಲೆ ರಟ್ಟು ಅಂಟಿಸಿದ. ದೀಕ್ಷಾ ಅದನ್ನು ಕಿತ್ತು ಗೊಂಬೆಗೆ ಮನೆ ಮಾಡಿದಳು. ತಿಂಡಿ ಡಬ್ಬಿಯ ಮುಚ್ಚಳ ಕವುಚಿ ಟೇಪು ಸುತ್ತಿದ. ಬೆಳಿಗ್ಗೆ ಡಬ್ಬಿಗೆ ಮುಚ್ಚಳವಿಲ್ಲದೆ ಅವನ ಚಿತ್ರಾನ್ನ ಚೀಲದ ತುಂಬ ಹರಡಿತು. 'ಮುಟ್ಟಿದ್ರೆ ಕೈ ಸುಡ್ತದೆ' ಎಂದು ಹೆದರಿಸಿದ. ಮಗು ಮೂಗಿನಿಂದ ಮುಟ್ಟಿತು.

ಕೊನೆಗೆ ಲಕ್ಷ್ಮೀಶನ ಅಂಗಡಿಗೆ ಹೋಗಿ ಕೈಮುಗಿದ. ಲಕ್ಷ್ಮೀಶ ನಕ್ಕು, "ಅಷ್ಟಕ್ಕೆ ಎಂತಕ್ಕೆ ಗೋಳಾಡ್ತೆ? ಆ್ಯಪಲ್ಲಿ ಚೈಲ್ಡ್ ಲಾಕ್ ಅಂತ ಉಂಟು. ಮಲಗೋ ಹೊತ್ತಿಗೆ ಹಾಕು. ಬೆಳಗಿನ ತನಕ ಯಾರು ಮುಟ್ಟಿದ್ರೂ ಕೇಳೂದಿಲ್ಲೆ," ಎಂದ.

ಆ ರಾತ್ರಿ ಕಲ್ಲೇಶ ಲಾಕ್ ಹಾಕಿದ. ಕಂಬಳಿಯಿಂದ ಬೆರಳು ಹೊರಬಂತು. ಹಲಗೆ ಕೇಳಲಿಲ್ಲ. ಅಂಗೈ ಬಂತು. ಕೇಳಲಿಲ್ಲ. ನೀರು ಕುಡಿಯುವ ಸ್ಟೀಲ್ ಲೋಟ ಬಂತು. ಲೋಟದಿಂದ ಬಡಿದ ಸದ್ದು ಪಕ್ಕದ ಮನೆಯ ಸುಲೋಚನಮ್ಮನವರ ಗೋಡೆಯನ್ನೂ ದಾಟಿತು. ಸುಮನಾ ಮೆಲ್ಲನೆ ಲೋಟ ಕಸಿದುಕೊಂಡಳು. ಒಂದಿಷ್ಟು ಅಳು, ಒಂದಿಷ್ಟು ಬಿಕ್ಕು. ಆಮೇಲೆ ಕತ್ತಲೆಯಲ್ಲಿ ಮಗು ನಿಜವಾಗಿಯೂ ನಿದ್ದೆ ಹೋಯಿತು.

ಗೆದ್ದವನಿಗೆ ಗೆಲುವು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಶೃಂಗೇರಿ ಬಸ್ಸೂ ನರಸಿಂಹರಾಜಪುರದ ಬಸ್ಸೂ ಅಕ್ಕಪಕ್ಕ ಎಂಜಿನ್ ಹಾಕಿಕೊಂಡು ಗುರುಗುಟ್ಟುತ್ತಿದ್ದಾಗ, ಎರಡರ ನಡುವೆ ನಿಂತ ಕಲ್ಲೇಶ ಲಕ್ಷ್ಮೀಶನಿಗೆ ಫೋನ್ ಹಚ್ಚಿದ. ಎಂಜಿನ್ ಸದ್ದಿನ ಮೇಲೆ ಮಾತಾಡಬೇಕಲ್ಲ, ತನ್ನ ಗಂಟಲನ್ನು ಪೂರ್ತಿ ಬಿಟ್ಟ.

"ಹಾಕ್ದೆ ಮಾರಾಯ, ನಿನ್ನೆ ರಾತ್ರಿನೇ ಲಾಕ್ ಹಾಕ್ದೆ. ಹೂಂ, ದೀಕ್ಷಂಗೆ ಅಂತಲೇ ಹಾಕಿದ್ದು. ಬಡಿದ್ಲು. ಲೋಟ ತಗೊಂಡು ಬಡಿದ್ಲು. ಬಡೀಲಿ ಅಂತ ಬಿಟ್ಟೆ. ಕತ್ಲೇಲಿ ಎಷ್ಟೊತ್ತು ಅಳ್ತಾಳೆ, ತಾನೇ ಸುಮ್ನಾದ್ಲು."

ಶೃಂಗೇರಿ ಬಸ್ಸಿನ ಕಿಟಕಿಯಲ್ಲಿ, ಹರಿಹರಪುರದ ತಂಗಿಯ ಮನೆಗೆ ಹೊರಟಿದ್ದ ಸುಲೋಚನಮ್ಮ ಕೂತಿದ್ದರು. ನಿನ್ನೆ ರಾತ್ರಿಯ ಬಡಿತ ಅವರ ಕಿವಿಯಲ್ಲಿ ಇನ್ನೂ ಇತ್ತು. ಅವರ ಕೈ ತಾನಾಗಿ ಬಾಯಿಗೆ ಹೋಯಿತು.

"ಇಲ್ಲ, ಎಂತ ಅಲ್ಲಾಡಲ್ಲ," ಎಂದು ಕಲ್ಲೇಶ ಮುಂದುವರಿಸಿದ, "ಗೋಡೆಗೆ ಸ್ಕ್ರೂ ಹಾಕಿ ಕೂರ್ಸಿದೀಯಲ್ಲ. ಬೆಳಿಗ್ಗೆ ತಾನಾಗೇ ಬಿಚ್ಕೊಳ್ತದೆ. ಬೇಗ ಬಿಚ್ಬೇಕು ಅಂದ್ರೂ ನಾನು ಇಲ್ಲೇ ನಿಂತು ಬಿಚ್ಬಹುದು."

ಶೃಂಗೇರಿ ಬಸ್ಸು ಹೊರಟುಹೋಯಿತು. ಸುಲೋಚನಮ್ಮ ಕಿಟಕಿಯಿಂದ ಕತ್ತು ಹೊರಹಾಕಿ ಕಲ್ಲೇಶನನ್ನು ನೋಡಿದ ನೋಟವನ್ನು ಅವನು ನಮಸ್ಕಾರವೆಂದು ತಿಳಿದು ಕೈ ಬೀಸಿದ.

ನರಸಿಂಹರಾಜಪುರದ ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ಧರ್ಮಪ್ಪ ನಿಂತಿದ್ದ. ಡ್ರೈವರ್ ಆಕ್ಸಿಲರೇಟರ್ ತುಳಿದಾಗಲೆಲ್ಲ ಅವನಿಗೆ ಮಾತು ಅರ್ಧರ್ಧ ಕೇಳುತ್ತಿತ್ತು. ಅತ್ತ ಲಕ್ಷ್ಮೀಶ, ಇದೆಲ್ಲ ಮನೆಯ ವೈಫೈ ಮೇಲೆ ನಿಂತದ್ದು, ಅದು ಹೋದರೆ ಏನು ಮಾಡುತ್ತೀಯ ಎಂದು ಕೇಳಿದ.

"ವೈಫೈ ಹೋದ್ರಾ?" ಎಂದ ಕಲ್ಲೇಶ. ಸರಿಯಾಗಿ ಆಗಲೇ ಡ್ರೈವರ್ ತುಳಿದ. ಧರ್ಮಪ್ಪನಿಗೆ ಕೇಳಿದ್ದು 'ವೈಫ್ ಹೋದ್ರಾ' ಎಂದು. "ಹೋದ್ರೆ ಹೋಗ್ಲಿ. ನಂಗೆ ಚಿಂತೆ ಇಲ್ಲ. ಇನ್ನೊಂದು ಕನೆಕ್ಷನ್ ಇಟ್ಕೊಂಡಿದೀನಿ. ಶಿವಮೊಗ್ಗದ್ದು. ಚಿಕ್ಕದು, ನೋಡೋಕೂ ಚೆಂದ ಇದೆ. ಸುಮನಂಗೆ ಇನ್ನೂ ಹೇಳಿಲ್ಲ. ಗೊತ್ತಾದ್ರೆ ಮನೇಲಿ ರಾಮಾಯಣ ಆಗ್ತದೆ."

ಶಿವಮೊಗ್ಗದಿಂದ ತಂದ, ಬ್ಯಾಟರಿಯಲ್ಲೇ ನಡೆಯುವ, ಅಂಗೈ ಅಗಲದ ಒಂದು ಇಂಟರ್ನೆಟ್ ಡಬ್ಬಿಯ ಮಾತು ಅದು. ಧರ್ಮಪ್ಪನ ಕಣ್ಣ ಮುಂದೆ ನಿಂತದ್ದು ಡಬ್ಬಿಯಲ್ಲ. ಅವನು ಟಿಕೆಟ್ ಕೊಡುವುದನ್ನೂ ಮರೆತು ಸೀಟಿ ಊದಿದ. ಕಲ್ಲೇಶನ ಅತ್ತೆ ಗಂಗಾಂಬಿಕೆ ನರಸಿಂಹರಾಜಪುರದವರು. ಮಗಳಿಗೆ ಉಪ್ಪಿನಕಾಯಿ, ಹಪ್ಪಳ ಎಲ್ಲ ಧರ್ಮಪ್ಪನ ಬಸ್ಸಿನಲ್ಲೇ ಬರುತ್ತಿತ್ತು. ಅನ್ನದ ಋಣವಲ್ಲದಿದ್ದರೂ ಉಪ್ಪಿನಕಾಯಿಯ ಋಣ ಅವನ ಮೇಲಿತ್ತು.

ಸುದ್ದಿಗೆ ಬಸ್ಸಿಗಿಂತ ಒಳ್ಳೆಯ ವಾಹನವಿಲ್ಲ. ನಿಲ್ಲಿಸಿದಲ್ಲೆಲ್ಲ ಇಳಿಯುತ್ತದೆ, ಹೊಸದು ಹತ್ತಿಸಿಕೊಳ್ಳುತ್ತದೆ. ಬಸ್ಸು ಹರಿಹರಪುರ ಮುಟ್ಟುವಾಗ ಕಲ್ಲೇಶ ಮಗಳನ್ನು ಕತ್ತಲ ಕೋಣೆಯಲ್ಲಿ ಕೂಡಿಹಾಕಿ ಬೀಗ ಜಡಿದಿದ್ದ. ಶೃಂಗೇರಿ ಮುಟ್ಟುವಾಗ ಗೋಡೆಗೆ ಸ್ಕ್ರೂ ಹೊಡೆದು ಮಗುವನ್ನು ಅದಕ್ಕೆ ಕಟ್ಟಿದ್ದ. ಅತ್ತ ನರಸಿಂಹರಾಜಪುರದ ದಾರಿಯಲ್ಲಿ ಅವನಿಗೆ ಶಿವಮೊಗ್ಗದಲ್ಲಿ ಎರಡನೇ ಸಂಸಾರ ಶುರುವಾಗಿ, ಊರು ಸಮೀಪಿಸುವಷ್ಟರಲ್ಲಿ ಆ ಚಿಕ್ಕವಳು ಬಸುರಿಯೂ ಆಗಿದ್ದಳು.

ಮಧ್ಯಾಹ್ನದ ಹೊತ್ತಿಗೆ ಬಸ್ಸುಗಳು ಮರಳಿ ಬಂದವು. ಜನ ಕಲ್ಲೇಶನನ್ನು ಸುತ್ತುವರಿದು ನೋಡತೊಡಗಿದರು. ತನ್ನ ಸ್ಮಾರ್ಟ್ ಸ್ವಿಚ್ಚಿನ ಕೀರ್ತಿ ಇಷ್ಟು ಬೇಗ ಹಬ್ಬಿತಲ್ಲ ಎಂದು ಅವನ ಎದೆ ಉಬ್ಬಿತು.

ಹರಿಹರಪುರದಿಂದ ಬಂದ ಅಜ್ಜನೊಬ್ಬ ಕೋಲು ಊರಿ ನಿಂತು ಕೇಳಿದ: "ನೀನೇ ಅಲ್ಲನಾ ಮಗೂಗೆ ಲಾಕ್ ಹಾಕಿದ್ದು?"

"ನಾನೇ ಅಜ್ಜ. ನಿಮ್ಗೂ ಗೊತ್ತಾಯ್ತಾ?"

"ಊರಿಗೆಲ್ಲ ಗೊತ್ತಾಗಿದೆ. ನಿಂಗೆ ಮನಸ್ಸು ಹೇಗೆ ಬಂತು ಮಾರಾಯ?"

"ಎಷ್ಟು ದಿನ ಅಂತ ತಡ್ಕೊಳ್ಳೋದು ಹೇಳಿ. ಒಂದು ರಾತ್ರಿ ಹಾಕಿ ನೋಡಿ, ಎಷ್ಟು ನೆಮ್ಮದಿ ಅಂತ. ಮಕ್ಳಿರೋ ಮನೇಲೆಲ್ಲ ಹಾಕ್ಲೇಬೇಕು. ವಯಸ್ಸಾದವ್ರು ರಾತ್ರಿ ಎದ್ದು ತಡಕಾಡ್ತಾರಲ್ಲ, ಅವ್ರಿಗೂ ಹಾಕ್ಬಹುದು."

ಅಜ್ಜ ಎರಡು ಹೆಜ್ಜೆ ಹಿಂದೆ ಸರಿದ.

"ಲಕ್ಷ್ಮೀಶ ಅಂತ ಇದಾನೆ, ಬಾಳಗಡೀಲಿ," ಎಂದು ಕಲ್ಲೇಶ ಉತ್ಸಾಹದಿಂದ ಬೆನ್ನು ಹತ್ತಿದ. "ಮನೆಗೇ ಬಂದು ಸ್ಕ್ರೂ ಹೊಡೆದು ಕೊಡ್ತಾನೆ. ನಿಮ್ಮ ಮನೇಲಿ ಎಷ್ಟು ಜನ?"

ಅಜ್ಜ ಆ ವಯಸ್ಸಿಗೆ ಹೊಂದದ ವೇಗದಲ್ಲಿ ಬಸ್ಸು ಹತ್ತಿ ಕಂಡಕ್ಟರನ ಸೀಟಿನ ಹಿಂದೆ ಕೂತ. ಹೋಟೆಲಿನವನು ಕಲ್ಲೇಶನಿಗೆ ಚಹಾ ಕೊಡಲಿಲ್ಲ. ಹಾಲು ಮುಗಿದಿದೆ ಎಂದ, ಹಾಲು ಉಕ್ಕುತ್ತಿರುವಾಗಲೇ. ಕತ್ತಲಾಗುವ ಹೊತ್ತಿಗೆ ಬಸ್ ಮಾಲೀಕರ ಮ್ಯಾನೇಜರ್ ಫೋನ್ ಮಾಡಿದರು.

"ಕಲ್ಲೇಶ, ನಾಳೆಯಿಂದ ನೀನು ಸ್ಟ್ಯಾಂಡಿಗೆ ಬರೋದು ಬೇಡ. ಮೊದ್ಲು ಮನೆ ವಿಷ್ಯ ಸರಿ ಮಾಡ್ಕೋ. ಹೆಣ್ಣುಮಕ್ಳು ನಮ್ಮ ಬಸ್ಸು ಹತ್ತೋಕೆ ಹೆದರ್ತಿದಾರೆ."

"ಮನೇದು ಸರಿಯಾಯ್ತು ಸಾರ್. ಲಾಕ್ ಚೆನ್ನಾಗಿ ಕೂತಿದೆ."

"ನಿಂಗೆ ಇನ್ಮೇಲೆ ಕೆಲ್ಸ ಇಲ್ಲ," ಎಂದು ಮ್ಯಾನೇಜರ್ ಫೋನ್ ಇಟ್ಟರು.

ಕೂಗುವುದು ಬಿಟ್ಟರೆ ಬೇರೆ ವಿದ್ಯೆ ಕಲ್ಲೇಶನಿಗೆ ಗೊತ್ತಿರಲಿಲ್ಲ. ಹೆಣ್ಣುಮಕ್ಕಳಿಗೂ ತನ್ನ ಮನೆಯ ಸ್ವಿಚ್ಚಿಗೂ ಏನು ಸಂಬಂಧ ಎಂದು ಲೆಕ್ಕ ಹಾಕುತ್ತ, ಲೆಕ್ಕ ಹೊಂದದೆ, ಮನೆಗೆ ನಡೆದ.

ಮನೆ ಅವನಿಗಾಗಿ ತಯಾರಾಗಿಯೇ ಕಾದಿತ್ತು. ಹಾಲಿನಲ್ಲಿ ಅತ್ತೆ ಗಂಗಾಂಬಿಕೆ ಕೂತಿದ್ದರು. ಅವರ ಎದುರು ದೊಡ್ಡ ಸೂಟ್‌ಕೇಸು, ಅದರೊಳಗೆ ಸುಮನಾಳ ಸೀರೆಗಳಲ್ಲಿ ಅರ್ಧ. ಬಾಗಿಲ ಹತ್ತಿರ, ಅತ್ತೆಯ ಚೀಲ ಹೊತ್ತು ತಂದ ಧರ್ಮಪ್ಪ, ಹೋಗಬೇಕೋ ಇರಬೇಕೋ ತಿಳಿಯದೆ, ಮುಖ್ಯವಾಗಿ ಹೋಗಲು ಮನಸ್ಸಿಲ್ಲದೆ ನಿಂತಿದ್ದ.

"ಅಮ್ಮ ಬಂದಾಗಿಂದ ಸೀರೆ ಮಡಚ್ತಾನೇ ಇದಾರೆ," ಎಂದಳು ಸುಮನಾ ಗಾಬರಿಯಲ್ಲಿ. "ಯಾಕೆ ಅಂದ್ರೆ, 'ಅವನ ಬಾಯಲ್ಲೇ ಕೇಳು' ಅಂತಾರೆ."

"ಕೇಳು," ಎಂದರು ಗಂಗಾಂಬಿಕೆ, ಇನ್ನೊಂದು ಸೀರೆ ಮಡಚಿ ಒಳಗಿಡುತ್ತ. "ಶಿವಮೊಗ್ಗದ ಕನೆಕ್ಷನ್ ಯಾವುದು ಅಂತ ಕೇಳು."

ಕಲ್ಲೇಶನ ಮುಖ ಬಿಳಿಚಿತು. ಡಬ್ಬಿಯ ಸಂಗತಿ ಇವರಿಗೆ ಹೇಗೆ ತಿಳಿಯಿತು? ಇನ್ನೊಂದು ಇಂಟರ್ನೆಟ್ಟಿಗೆ ದುಡ್ಡು ಸುರಿಯಬೇಡ ಎಂದು ಸುಮನಾ ಖಂಡಿತವಾಗಿ ಹೇಳಿದ್ದಳು. ಅವನು ತಲೆ ತಗ್ಗಿಸಿ ಅಂದ: "ತಪ್ಪಾಯ್ತು ಅತ್ತೆ. ಹೋದ ತಿಂಗಳು ತಂದೆ. ಇಲ್ಲೇ ಮನೇಲೇ ಇದೆ."

"ಮನೇಲೇ ಇಟ್ಕೊಂಡಿದಾನೆ," ಎಂದು ಗಂಗಾಂಬಿಕೆ ಎದೆ ಹಿಡಿದುಕೊಂಡರು. ಧರ್ಮಪ್ಪ ಅಡುಗೆಮನೆಯ ಕಡೆ ಇಣುಕಿದ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಸುಲೋಚನಮ್ಮನವರ ಜೊತೆ, ತಾಲ್ಲೂಕಿನಲ್ಲಿ ಮಕ್ಕಳ ಯೋಗಕ್ಷೇಮ ನೋಡಿಕೊಳ್ಳುವ ಅಧಿಕಾರಿ ಅರ್ಪಣಾ ಬಂದಿದ್ದರು. ಚಿಕ್ಕ ವಯಸ್ಸಿನ, ಮಾತು ಕಡಿಮೆಯ ಹೆಣ್ಣುಮಗಳು. ದಿನವಿಡೀ ಓಡಾಡಿ ದಣಿದಿದ್ದರೂ ದೂರು ಬಂದ ಮೇಲೆ ಮಗುವನ್ನು ನೋಡದೆ ಮನೆಗೆ ಹೋಗುವುದಿಲ್ಲ ಎಂದು ಬಂದವರು.

"ಕಲ್ಲೇಶ್ ಅಂದ್ರೆ ನೀವಾ? ಮಗು ಎಲ್ಲಿ?"

"ಕೋಣೇಲಿ ಮೇಡಂ. ಮಲಗೋ ಹೊತ್ತು."

"ಲಾಕ್ ಹಾಕಿದೀರಾ?"

"ಇನ್ನೇನು ಹಾಕ್ಬೇಕು ಅಂತಿದ್ದೆ, ನೀವು ಬಂದ್ರಿ."

ಸುಲೋಚನಮ್ಮ ಕಣ್ಣು ಮುಚ್ಚಿಕೊಂಡರು. ಅರ್ಪಣಾ ಶಾಂತವಾಗಿಯೇ ಕೇಳಿದರು: "ಅದನ್ನ ನನ್ನೆದುರಿಗೆ ಒಂದ್ಸಲ ಮಾಡಿ ತೋರಿಸ್ತೀರಾ?"

ಮುಳುಗುತ್ತಿದ್ದ ಕಲ್ಲೇಶನಿಗೆ ಹುಲ್ಲುಕಡ್ಡಿ ಸಿಕ್ಕಿತು. ಕೆಲಸ ಹೋಗಿತ್ತು, ಹೆಂಡತಿ ಹೋಗುವುದರಲ್ಲಿದ್ದಳು, ಆದರೆ ಒಬ್ಬ ಅಧಿಕಾರಿ ಅವನ ಸ್ಮಾರ್ಟ್ ಸ್ವಿಚ್ ನೋಡಲು ಮನೆ ಬಾಗಿಲಿಗೆ ಬಂದಿದ್ದಾರೆ. "ಬನ್ನಿ ಮೇಡಂ, ಎಲ್ರೂ ಬನ್ನಿ," ಎಂದು ಫೋನ್ ಹಿಡಿದು ಕೋಣೆಗೆ ನುಗ್ಗಿದ. ಎಲ್ಲರೂ ಹಿಂದೆ ನುಗ್ಗಿದರು. ಹಾಸಿಗೆಯ ಮೇಲೆ ದೀಕ್ಷಾ, ಗೋಡೆಗೂ ಕಟ್ಟದೆ, ಕಂಬಕ್ಕೂ ಕಟ್ಟದೆ, ಗೊಂಬೆಯ ತಲೆ ಬಾಚುತ್ತ ಕೂತಿದ್ದಳು. ಮನೆಗೆ ಇಷ್ಟು ಜನ ಬಂದದ್ದು ಕಂಡು ಅವಳಿಗೆ ಮಹಾ ಖುಷಿಯಾಯಿತು.

"ನೋಡಿ ಮೇಡಂ. ಮೊದ್ಲು ಮನೇದೆಲ್ಲ ಪಾರ್ಟಿ ಹಾಕ್ತೀನಿ." ಮನೆಯ ದೀಪಗಳೆಲ್ಲ ಕೆಂಪು, ಹಸಿರು, ನೀಲಿಯಾಗಿ ಕುಣಿಯತೊಡಗಿದವು. "ಈಗ ಲಾಕ್ ಹಾಕ್ದೆ. ಇನ್ನು ಅವ್ಳು ಎಷ್ಟು ಮುಟ್ಟಿದ್ರೂ ಕೇಳಲ್ಲ. ಈಗ ಫೋನಲ್ಲಿ ಆರಿಸ್ತೀನಿ ನೋಡಿ."

ಅದೇ ಗಳಿಗೆಗೆ ಕರೆಂಟು ಹೋಯಿತು.

ಬೇರೆ ಮನೆಯಾಗಿದ್ದರೆ ಕತ್ತಲಾಗುತ್ತಿತ್ತು. ಕಲ್ಲೇಶನ ಮನೆಯಲ್ಲಿ ಇನ್ವರ್ಟರ್ ಇತ್ತು. ದೀಪಗಳು ಒಂದೇ ಒಂದು ಸಲ ಕಣ್ಣು ಮಿಟುಕಿಸಿ ಮತ್ತೆ ಕುಣಿಯತೊಡಗಿದವು. ಇನ್ವರ್ಟರಿಗೆ ಸೇರಿಸಲು ಮರೆತದ್ದು ಒಂದೇ ಒಂದು, ಮನೆಯ ವೈಫೈ ಡಬ್ಬ. ಫೋನ್ ಒತ್ತಿದ, ಕೇಳಲಿಲ್ಲ. ಹಲಗೆ ಮುಟ್ಟಿದ, ಲಾಕ್ ಆಗಿತ್ತು. ಕತ್ತಲೆಯ ಬೀದಿಯಲ್ಲಿ ಅದೊಂದೇ ಮನೆ ಜಾತ್ರೆಯ ತೊಟ್ಟಿಲಿನಂತೆ ಮಿನುಗುತ್ತಿತ್ತು. ಅಕ್ಕಪಕ್ಕದವರು ಅಂಗಳಕ್ಕೆ ಬಂದರು. ಯಾರೋ ಹುಟ್ಟುಹಬ್ಬವೇ ಎಂದು ಕೇಳಿದರು. ಒಳಗೆ ಗಂಗಾಂಬಿಕೆಯವರ ಕೋಪದ ಮುಖ ಒಮ್ಮೆ ಹಸಿರಾಗಿ, ಒಮ್ಮೆ ನೇರಳೆಯಾಗಿ ಕಾಣುತ್ತಿತ್ತು. ದೀಕ್ಷಾ ಹಾಸಿಗೆಯ ಮೇಲೆ ನಿಂತು ಕುಣಿಯುತ್ತಿದ್ದಳು.

"ಮೇನ್ ಆಫ್ ಮಾಡೋ," ಎಂದರು ಸುಲೋಚನಮ್ಮ.

"ಮೇನ್ ಹೋಗಿಯೇ ಇಷ್ಟಾಗಿದ್ದು."

"ಹಾಗಾದ್ರೆ ಇನ್ವರ್ಟರ್ ಆರಿಸು."

"ಅಟ್ಟದ ಮೇಲಿದೆ. ಏಣಿ ನಿಮ್ಮನೇಲಿದೆ. ಜೇಡರಬಲೆ ತೆಗೀಬೇಕು ಅಂತ ನೀವೇ ತಗೊಂಡು ಹೋಗಿದ್ದು."

ಕಲ್ಲೇಶ ಫೋನನ್ನು ಮೇಲೆತ್ತಿದ, ಕೆಳಗಿಳಿಸಿದ, ಕಿಟಕಿಗೆ ಹಿಡಿದ. ಕೊನೆಗೆ ಬಸ್ ಸ್ಟ್ಯಾಂಡಿನ ಗಂಟಲಲ್ಲಿ ಕೂಗಿದ: "ವೈಫೈ ಹೋಯ್ತು."

"ಎಲ್ಲಿಗೆ ಹೋದ್ಲು?" ಎಂದು ಗಂಗಾಂಬಿಕೆ ಗದರಿದರು. "ನಿನ್ನ ವೈಫು ಇಲ್ಲೇ ನಿಂತಿದಾಳಲ್ಲೋ, ಕಣ್ಣು ಕಾಣಲ್ವಾ?"

ಕೋಣೆ ಕೆಂಪಾಗಿ, ನೀಲಿಯಾಗಿ, ಮತ್ತೆ ಕೆಂಪಾಯಿತು. ಶಿವಮೊಗ್ಗದ ಸುದ್ದಿ ಬಸ್ಸಿನ ಕಂಡಕ್ಟರನಿಂದ ಹುಟ್ಟಿದ್ದೆಂದು ದಾರಿಯಲ್ಲೇ ಕೇಳಿಕೊಂಡು ಬಂದಿದ್ದ ಅರ್ಪಣಾ ಧರ್ಮಪ್ಪನ ಕಡೆ ತಿರುಗಿದರು.

"ನೀವು ಬೆಳಿಗ್ಗೆ ಕೇಳಿದ್ದು ವೈಫ್ ಅಂತಲಾ, ವೈಫೈ ಅಂತಲಾ?"

ಧರ್ಮಪ್ಪ ತಲೆ ಕೆರೆದುಕೊಂಡ. "ಎಂಜಿನ್ ಆನ್ ಇತ್ತು ಮೇಡಂ. ಕೊನೇ ಅಕ್ಷರ ಸ್ವಲ್ಪ ಹೊಗೇಲಿ ಹೋಯ್ತು ಅನ್ಸುತ್ತೆ."

"ಮತ್ತೆ ಶಿವಮೊಗ್ಗದ ಚಿಕ್ಕದು?"

ಕಲ್ಲೇಶ ಅಡುಗೆಮನೆಗೆ ಓಡಿ, ಗೋಧಿಹಿಟ್ಟಿನ ಡಬ್ಬದ ಹಿಂದಿನಿಂದ ಅಂಗೈ ಅಗಲದ ಡಬ್ಬಿಯೊಂದನ್ನು ತಂದು ಎಲ್ಲರ ಮುಂದೆ ಹಿಡಿದ. ಅದನ್ನು ಒತ್ತಿದ. ಡಬ್ಬಿಯಲ್ಲಿ ಚುಕ್ಕೆಯಷ್ಟು ಹಸಿರು ಬೆಳಕು ಮೂಡಿತು. ಸ್ವಲ್ಪ ಹೊತ್ತಿಗೆ ಫೋನಿಗೆ ಜೀವ ಬಂತು. ಪಾರ್ಟಿ ನಿಂತು ಮನೆ ಸಾದಾ ಬಿಳಿ ಬೆಳಕಿಗೆ ಬಂದಾಗ, ಗಂಗಾಂಬಿಕೆ ಆ ಡಬ್ಬಿಯನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಬಸುರಿಯೆಂದು ಕೇಳಿದ್ದನ್ನು ನೆನೆದು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೊದಲು ನಕ್ಕವರು ಅರ್ಪಣಾ. ನಕ್ಕು ನಕ್ಕು ಹಾಸಿಗೆಯ ತುದಿಯಲ್ಲಿ ಕೂತುಬಿಟ್ಟರು. ಸುಮನಾ ಮಾತ್ರ ನಗಲಿಲ್ಲ. ಡಬ್ಬಿಯನ್ನು ನೋಡಿ, ಗಂಡನನ್ನು ನೋಡಿ, "ಇದಕ್ಕೆ ಆಮೇಲೆ ಇದೆ," ಎಂದಳು. ಕಲ್ಲೇಶನಿಗೆ ಅಷ್ಟು ಹಿತವಾದ ಬೆದರಿಕೆಯನ್ನು ಅವನ ಜನ್ಮದಲ್ಲಿ ಯಾರೂ ಹಾಕಿರಲಿಲ್ಲ.

ಧರ್ಮಪ್ಪ ಅಂಗಳಕ್ಕೆ ಹೋಗಿ ಮ್ಯಾನೇಜರಿಗೆ ಫೋನ್ ಮಾಡಿ, ತಪ್ಪು ಎಂಜಿನ್ನಿನದು ಎಂದು ವಾದಿಸಿ, ಕಲ್ಲೇಶನ ಕೆಲಸವನ್ನು ಉಳಿಸಿಬಂದ. ಸುಲೋಚನಮ್ಮ ಹರಿಹರಪುರದ ತಂಗಿಗೆ ಫೋನ್ ಹಚ್ಚಿ, ತಾನು ಮೊದಲೇ ಅನುಮಾನಪಟ್ಟಿದ್ದೆ, ಕಲ್ಲೇಶ ಅಂಥವನಲ್ಲ ಎಂದು ಶುರು ಮಾಡಿದರು.

ಅರ್ಪಣಾ ಹೊರಡುವ ಮುಂಚೆ ಮಗುವನ್ನು ಹತ್ತಿರ ಕೂರಿಸಿಕೊಂಡರು. ಕೆಲಸ ಕೆಲಸವೇ.

"ಪುಟ್ಟಿ, ರಾತ್ರಿ ಮಲಗೋವಾಗ ಲೈಟ್ ಯಾಕೆ ಹಾಕ್ತೀಯಾ? ಕತ್ಲೆ ಅಂದ್ರೆ ಹೆದರಿಕೆನಾ?"

"ಇಲ್ಲ," ಎಂದಳು ದೀಕ್ಷಾ, ಇದೂ ಗೊತ್ತಿಲ್ಲವೇ ಎಂಬಂತೆ. "ಲೈಟ್ ಹಾಕಿದ್ರೆ ಅಪ್ಪ ಬರ್ತಾನೆ. ಕೆಂಪು ಹಾಕಿದ್ರೆ ಓಡ್ಕೊಂಡು ಬರ್ತಾನೆ."

ಕಲ್ಲೇಶ ಹೆಬ್ಬೆರಳಿನಿಂದ ಫೋನಿನ ಅಂಚು ಉಜ್ಜುತ್ತ ನಿಂತ. ಬೆಳಗಾಗುವ ಮುಂಚೆ ಸ್ಟ್ಯಾಂಡಿಗೆ ಹೋಗಿ ಕತ್ತಲಾದ ಮೇಲೆ ಬರುವವನು ಅವನು. ಬಂದ ಮೇಲೆ ಹಾಲಿನಲ್ಲಿ ಕೂತು ಫೋನು. ಮಗಳು ಅವನನ್ನು ಕರೆಯಲು ಅವನೇ ಕೂರಿಸಿಕೊಟ್ಟ ಗಂಟೆಯನ್ನು ಅವಳು ಬಾರಿಸುತ್ತಿದ್ದಳು. ಅದಕ್ಕೇ ಅವನು ಲಾಕ್ ಹಾಕಿದ್ದ.

ಅವನು ಆ್ಯಪ್ ತೆರೆದು ಲಾಕ್ ತೆಗೆದ. ಫೋನನ್ನು ಸುಮನಾಳ ಕೈಗೆ ಕೊಟ್ಟು, ಮಗಳ ಪಕ್ಕ ಕಂಬಳಿಯೊಳಗೆ ಮಲಗಿದ. ಉಳಿದವರು ಮೆಲ್ಲನೆ ಹೊರಬಂದು ಬಾಗಿಲು ಮುಂದಕ್ಕೆ ಮಾಡಿದರು.

ಗಂಗಾಂಬಿಕೆ ಯುದ್ಧಕ್ಕೆ ಬರುವಾಗಲೂ ಬುತ್ತಿ ಬಿಟ್ಟು ಬಂದವರಲ್ಲ. ಚೀಲದಿಂದ ಕಡುಬಿನ ಪಾತ್ರೆ ತೆಗೆದರು. ಸುಮನಾ ಕಾಯಿಚಟ್ನಿ ಅರೆದಳು. ಅರ್ಪಣಾ ಬೇಡ ಬೇಡ ಎನ್ನುತ್ತಲೇ ತಟ್ಟೆ ಹಿಡಿದು ಕೂತರು. ಧರ್ಮಪ್ಪನನ್ನು ಯಾರೂ ಒತ್ತಾಯಿಸಬೇಕಾಗಲಿಲ್ಲ. ಸುಲೋಚನಮ್ಮ ತಂಗಿಯ ಹತ್ತಿರ ಮಾತು ಮುಗಿಸಿ ಶೃಂಗೇರಿಯ ನಾದಿನಿಗೆ ಫೋನ್ ಹಚ್ಚಿದ್ದರು. ಕರೆಂಟೂ ಬಂತು. ಹಾಲಿನ ತುಂಬ ಮಾತು, ನಗು, ತಟ್ಟೆಯ ಸದ್ದು.

ಕೋಣೆಯ ಬಾಗಿಲು ತೆರೆಯಿತು. ದೀಕ್ಷಾ ಬರಿಗಾಲಲ್ಲಿ ಹೊರಬಂದು, ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ದುರುಗುಟ್ಟಿ ನೋಡಿದಳು. ಅವಳ ಹಿಂದಿನ ಕತ್ತಲೆಯಿಂದ ಕಲ್ಲೇಶನ ಗೊರಕೆ ಕೇಳಿಸುತ್ತಿತ್ತು.

"ಗಲಾಟೆ ಮಾಡ್ಬೇಡಿ," ಎಂದಳು. "ಈಗಷ್ಟೇ ಮಲಗ್ಸಿದೀನಿ. ಎದ್ದುಬಿಟ್ರೆ ಮತ್ತೆ ಮಲಗಲ್ಲ ಅವನು."

ಯಾರಾದರೂ ಉತ್ತರ ಕೊಡುವ ಮುಂಚೆ ತುದಿಗಾಲಲ್ಲಿ ನಿಂತು ಹಾಲಿನ ಹಲಗೆಯನ್ನು ಮುಟ್ಟಿದಳು. ಬಾಯಿಯ ಹತ್ತಿರ ಕಡುಬು ಹಿಡಿದಿದ್ದ ಅರ್ಪಣಾರನ್ನೂ, ಫೋನಿನಲ್ಲಿ ಅರ್ಧ ಮಾತಿನಲ್ಲಿದ್ದ ಸುಲೋಚನಮ್ಮನವರನ್ನೂ ಕತ್ತಲೆಯಲ್ಲಿ ಬಿಟ್ಟು, ದೀಕ್ಷಾ ಬಾಗಿಲು ಹಾಕಿಕೊಂಡು ಒಳಗೆ ಹೋದಳು.